ಮುಂಗಡ ಟಿಕೆಟ್ಟಿನ ಹಿಮಲೋಕ

ಇಂಗ್ಲೆಂಡಿನ ದಕ್ಷಿಣದಲ್ಲಿ, ಡಾರ್ಸೆಟ್ ಮತ್ತು ಹ್ಯಾಂಪ್‌ಶೈರ್ ಕೌಂಟಿಗಳ ಗಡಿಗೆ ಹತ್ತಿರವಾಗಿ ರಿಂಗ್‌ವುಡ್ ಎಂಬ ಸಣ್ಣ ಪಟ್ಟಣವಿದೆ. 2008ರ ನವೆಂಬರ್ ಕೊನೆಯ ವಾರಾಂತ್ಯದಲ್ಲಿ ಈ ಪಟ್ಟಣದ ಸಮೀಪದ ಮ್ಯಾಚಮ್ಸ್ ಎಂಬ ವಿಹಾರ ತಾಣದತ್ತ ಸಾಲು ಸಾಲಾಗಿ ಕಾರುಗಳು ಹೊರಟಿದ್ದವು. ಕಾರುಗಳ ಹಿಂದಿನ ಸೀಟಿನಲ್ಲಿ ಕ್ರಿಸ್‌ಮಸ್ ತಾತನನ್ನು ಕಾಣುವ ಉತ್ಸಾಹದಲ್ಲಿದ್ದ ಮಕ್ಕಳು; ಮುಂದಿನ ಸೀಟಿನಲ್ಲಿ ವಾರಗಳ ಹಿಂದೆಯೇ ಅಂತರ್ಜಾಲದ ಮೂಲಕ ಹಣ ಪಾವತಿಸಿದ್ದ ತಂದೆ-ತಾಯಿಗಳು. ಕೆಲವು ಕುಟುಂಬಗಳು ನೂರಾರು ಕಿಲೋಮೀಟರ್ ದೂರದಿಂದ ಬಂದಿದ್ದವು. ಅವರು ನೋಡಲು ಬಂದಿದ್ದು ‘ಲ್ಯಾಪ್‌ಲ್ಯಾಂಡ್ ನ್ಯೂ ಫಾರೆಸ್ಟ್’ ಎಂಬ ಹೆಸರಿನ, ಆ ಋತುವಿಗೆಂದೇ ಹೊಸದಾಗಿ ತೆರೆದಿದ್ದ ಮಕ್ಕಳ ಹಿಮಲೋಕವನ್ನು.

ಟಿಕೆಟ್ಟಿನ ಬೆಲೆ ತಲಾ 25ರಿಂದ 30 ಪೌಂಡ್. ದಂಪತಿಗಳು ಮತ್ತು ಇಬ್ಬರು ಮಕ್ಕಳಿರುವ ಒಂದು ಸಾಧಾರಣ ಕುಟುಂಬಕ್ಕೆ ಕನಿಷ್ಠ 100 ಪೌಂಡ್. ಆಗಿನ ವಿನಿಮಯ ದರದಲ್ಲಿ ಏಳು ಸಾವಿರ ರೂಪಾಯಿಗೂ ಹೆಚ್ಚು. ಪೆಟ್ರೋಲ್, ಊಟೋಪಚಾರಗಳ ಖರ್ಚು ಇದರ ಮೇಲೆ. ಜಾಗತಿಕ ಬ್ಯಾಂಕಿಂಗ್ ಬಿಕ್ಕಟ್ಟು ತೀವ್ರವಾಗಿದ್ದ ಆ ಚಳಿಗಾಲದಲ್ಲಿ ಮಧ್ಯಮ ವರ್ಗದ ಕುಟುಂಬವೊಂದು ಒಂದು ದಿನದ ವಿನೋದಕ್ಕಾಗಿ ಇಷ್ಟು ಹಣವನ್ನು ತೆಗೆದಿರಿಸಿತೆಂದರೆ ಅದು ಹಗುರವಾದ ನಿರ್ಧಾರವಾಗಿರಲಿಲ್ಲ.

ಜಾಹೀರಾತಿನಲ್ಲಿ ಹಿಮ ಮುಚ್ಚಿದ ಮರದ ಮನೆಗಳು, ಬೆಳಕಿನ ಸುರಂಗ, ಮಂಜಿನ ಮೇಲೆ ಜಾರಾಡುವ ಅಂಗಣ, ಹಸ್ಕಿ ನಾಯಿಗಳು, ಹಿಮಸಾರಂಗಗಳು, ಯೇಸು ಜನನದ ಗೋದಲಿಯ ದೃಶ್ಯ, ಗಿಜಿಗುಡುವ ಕ್ರಿಸ್‌ಮಸ್ ಸಂತೆ ಇವೆಲ್ಲವೂ ಇದ್ದವು. ಬಂದವರು ಕಂಡದ್ದು ಬೇರೆ. ನೆಲ ಕೆಸರಾಗಿತ್ತು. ಬೆಳಕಿನ ಸುರಂಗವೆಂದರೆ ಮರಗಳಿಗೆ ಇಳಿಬಿಟ್ಟಿದ್ದ ದೀಪದ ಸರಗಳು. ಜಾರಾಟದ ಅಂಗಣ ಕೆಟ್ಟು ನಿಂತಿತ್ತು. ಹಸ್ಕಿ ನಾಯಿಗಳನ್ನು ಕೆಸರಿನ ಅಂಗಳದಲ್ಲಿ ಸರಪಳಿಯಿಂದ ಕಟ್ಟಲಾಗಿತ್ತು. ಹಿಮಕರಡಿ ಪ್ಲಾಸ್ಟಿಕ್ಕಿನದು. ಗೋದಲಿಯ ದೃಶ್ಯವು ಮೈದಾನದ ಆಚೆ ಬದಿಯಲ್ಲಿ ನಿಲ್ಲಿಸಿದ್ದ, ಬಣ್ಣ ಬಳಿದ ಒಂದು ದೊಡ್ಡ ಫಲಕವಾಗಿತ್ತು. ಇವೆಲ್ಲವನ್ನೂ ಮಕ್ಕಳು ಒಂದು ವೇಳೆ ಕ್ಷಮಿಸಿಬಿಡುತ್ತಿದ್ದರೇನೋ. ಆದರೆ ಕ್ರಿಸ್‌ಮಸ್ ತಾತನ ದರ್ಶನಕ್ಕೆ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬೇಕಾಯಿತು. ಸಿಟ್ಟಿಗೆದ್ದ ಪೋಷಕರು ತಾತನ ವೇಷಧಾರಿಯ ಮೇಲೂ ಸಹಾಯಕ ವೇಷಧಾರಿಗಳ ಮೇಲೂ ಕೈಮಾಡಿದರೆಂದು ಪತ್ರಿಕೆಗಳು ವರದಿ ಮಾಡಿದವು. ದಿನಗೂಲಿಗೆ ಬಂದು ವೇಷ ತೊಟ್ಟವರು ಮಾಡಿದ ತಪ್ಪಾದರೂ ಏನು ಎಂಬುದನ್ನು ಆ ಗದ್ದಲದಲ್ಲಿ ಯಾರೂ ಕೇಳಿದಂತಿಲ್ಲ.

ನಾಲ್ಕು ವಾರಗಳ ವ್ಯಾಪಾರ

ಕ್ರಿಸ್‌ಮಸ್ ತಾತನನ್ನು ವ್ಯಾಪಾರದ ಕೇಂದ್ರವಾಗಿಸುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಲೂಯಿಸ್ ಎಂಬ ದೊಡ್ಡ ಮಳಿಗೆಯು 1879ರಲ್ಲಿ ಮಕ್ಕಳಿಗಾಗಿ ಅಂಗಡಿಯೊಳಗೇ ಒಂದು ಮಾಯಾಲೋಕವನ್ನು ಏರ್ಪಡಿಸಿತು. ಅಲ್ಲಿನವರು ‘ಗ್ರಾಟೊ’ ಎಂದು ಕರೆಯುವ ತಾತನ ಗುಹೆಗಳಲ್ಲಿ ಇದೇ ಮೊದಲನೆಯದೆಂದು ಹೇಳಲಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಪಟ್ಟಣದಲ್ಲಿ 1890ರಲ್ಲಿ ಜೇಮ್ಸ್ ಎಡ್ಗರ್ ಎಂಬ ವರ್ತಕರು ತಾವೇ ತಾತನ ವೇಷ ತೊಟ್ಟು ತಮ್ಮ ಮಳಿಗೆಯಲ್ಲಿ ಓಡಾಡಿದರು. ಈ ಹಳೆಯ ಏರ್ಪಾಡಿನಲ್ಲಿ ತಾತನು ಗಿರಾಕಿಯನ್ನು ಅಂಗಡಿಗೆ ಕರೆತರುವ ಸಾಧನವಾಗಿದ್ದನು. ಮಗು ತಾತನನ್ನು ನೋಡುವಷ್ಟರಲ್ಲಿ ತಾಯಿಯ ಕಣ್ಣು ಬಟ್ಟೆಯ ಮೇಲೋ ಪಾತ್ರೆಯ ಮೇಲೋ ಬೀಳುತ್ತಿತ್ತು. ತಾತನ ಖರ್ಚು ಅಂಗಡಿಯ ಪ್ರಚಾರದ ಖರ್ಚು. ಮಗುವಿಗೆ ಸ್ವಲ್ಪ ಬೇಸರವಾದರೂ ಹಣ ಕೊಟ್ಟು ಕೊಂಡ ವಸ್ತು ಕೈಯಲ್ಲಿರುತ್ತಿತ್ತು.

ಟಿಕೆಟ್ಟಿನ ಹಿಮಲೋಕದಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಅಲ್ಲಿ ತಾತನೇ ಸರಕು. ಗಿರಾಕಿಯು ಸರಕನ್ನು ನೋಡುವ ಮೊದಲೇ ಪೂರ್ಣ ಬೆಲೆಯನ್ನು ತೆತ್ತಿರುತ್ತಾನೆ. ನೋಡಿದ ಮೇಲೆ ಹಿಂದಿರುಗಿಸಲು ಅವನ ಕೈಯಲ್ಲಿ ವಸ್ತುವೇನೂ ಉಳಿದಿರುವುದಿಲ್ಲ.

ಇದಕ್ಕೆ ಋತುವಿನ ಒತ್ತಡವೂ ಸೇರುತ್ತದೆ. ದೀಪಾವಳಿಯ ಪಟಾಕಿ ಅಂಗಡಿ ಇಟ್ಟವರಿಗೆ, ಗಣೇಶನ ಹಬ್ಬಕ್ಕೆ ಮೂರ್ತಿ ಮಾರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ 24ರವರೆಗೆ ಹೆಚ್ಚೆಂದರೆ ನಾಲ್ಕು ವಾರ. ಅದರಲ್ಲೂ ಜನ ಮುಗಿಬೀಳುವುದು ನಾಲ್ಕು ಶನಿವಾರ, ನಾಲ್ಕು ಭಾನುವಾರ. ಜಾಗದ ಬಾಡಿಗೆ, ಮರದ ಮನೆಗಳು, ವಿದ್ಯುತ್ ಜನರೇಟರ್, ಪ್ರಾಣಿಗಳು, ವೇಷಭೂಷಣ, ಭದ್ರತಾ ಸಿಬ್ಬಂದಿ ಇವೆಲ್ಲಕ್ಕೂ ಬಾಗಿಲು ತೆರೆಯುವ ಮೊದಲೇ ಹಣ ಬೇಕು. ಹೀಗಾಗಿ ಮುಂಗಡ ಟಿಕೆಟ್ಟಿನ ಹಣವೇ ಬಂಡವಾಳವಾಗಿ ಬಳಕೆಯಾಗುವ ಆಕರ್ಷಣೆ ಈ ವ್ಯವಹಾರದಲ್ಲಿ ಬಹಳ. ರಿಂಗ್‌ವುಡ್‌ನ ಈ ಉದ್ಯಮಕ್ಕೆ ಮುಂಗಡ ಮಾರಾಟದಿಂದ ಸುಮಾರು 12 ಲಕ್ಷ ಪೌಂಡ್ ಒಟ್ಟು ಆದಾಯ ಬರಲಿತ್ತೆಂದು ಮುಂದೆ ನ್ಯಾಯಾಲಯದಲ್ಲಿ ಅಭಿಯೋಜಕರು ಹೇಳಿದರು.

ಹವಾಮಾನವೂ ಇಲ್ಲಿ ಒಂದು ವೆಚ್ಚದ ಬಾಬು. ದಕ್ಷಿಣ ಇಂಗ್ಲೆಂಡಿನ ಕರಾವಳಿಗೆ ಸಮೀಪದ ಈ ಪ್ರದೇಶದಲ್ಲಿ ಡಿಸೆಂಬರ್ ಎಂದರೆ ಮಳೆ ಮತ್ತು ಕೆಸರು. ಹಿಮ ಬೀಳುವುದೇ ಅಪರೂಪ. ಲ್ಯಾಪ್‌ಲ್ಯಾಂಡ್ ಎಂಬ ಹೆಸರನ್ನು ಇಟ್ಟ ಕ್ಷಣದಿಂದಲೇ ಹಿಮವನ್ನು ಒದಗಿಸುವ ಹೊಣೆ ಮಾರಾಟಗಾರನದಾಗುತ್ತದೆ.

ಸರದಿಯ ಲೆಕ್ಕ

ಮಕ್ಕಳ ನಿರಾಶೆಗೆ ಮುಖ್ಯ ಕಾರಣವಾದ ಸರದಿಯನ್ನೇ ತೆಗೆದುಕೊಳ್ಳೋಣ. ಉತ್ಪಾದನಾ ಘಟಕ ನಡೆಸುವ ಯಾರಿಗಾದರೂ ಇದು ಪರಿಚಿತ ಸಮಸ್ಯೆ. ಒಂದು ಕುಟುಂಬ ತಾತನ ಎದುರು ಕುಳಿತು, ಮಗು ತನ್ನ ಬಯಕೆಯನ್ನು ಹೇಳಿ, ಉಡುಗೊರೆ ಪಡೆದು, ಛಾಯಾಚಿತ್ರ ತೆಗೆಸಿಕೊಂಡು ಎದ್ದೇಳಲು ಮೂರು ನಿಮಿಷ ಹಿಡಿಯುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಗಂಟೆಗೆ 20 ಕುಟುಂಬ. ಎಂಟು ಗಂಟೆಗಳ ಕೆಲಸಕ್ಕೆ 160 ಕುಟುಂಬ, ಅದೂ ತಾತನಿಗೆ ಊಟದ ಬಿಡುವು ಕೊಡದೆ. ಆ ದಿನಕ್ಕೆ 800 ಕುಟುಂಬಗಳಿಗೆ ಟಿಕೆಟ್ ಮಾರಿದ್ದರೆ ಐವರು ತಾತಂದಿರು ಬೇಕು. ಐವರನ್ನು ನೇಮಿಸಿಕೊಳ್ಳುವುದು ಕಷ್ಟವಲ್ಲ. ಒಬ್ಬ ತಾತನನ್ನು ಕಂಡ ಮಗುವಿಗೆ ಇನ್ನೊಬ್ಬ ತಾತ ಕಾಣದಂತೆ ಐದು ಮನೆಗಳನ್ನೂ ಐದು ದಾರಿಗಳನ್ನೂ ಮರಗಳ ಮರೆಯಲ್ಲಿ ರೂಪಿಸುವುದು ಕಷ್ಟ. ಈ ವ್ಯಾಪಾರದ ನಿಜವಾದ ವೆಚ್ಚ ಇರುವುದು ಅಲ್ಲಿ. ಬೇರೆ ಆಕರ್ಷಣೆಗಳು ಕೆಟ್ಟು ನಿಂತರೆ ಜನರೆಲ್ಲ ಒಮ್ಮೆಗೇ ತಾತನ ಬಾಗಿಲಿಗೆ ಬರುತ್ತಾರೆ, ಸರದಿ ಮತ್ತಷ್ಟು ಬೆಳೆಯುತ್ತದೆ. ಜಾರಾಟದ ಅಂಗಣ ಕೆಟ್ಟದ್ದರ ನಷ್ಟ ಅಂಗಣದ ನಷ್ಟವಷ್ಟೇ ಅಲ್ಲ.

ಟಿಕೆಟ್ ಮಾರಾಟಕ್ಕೆ ಅಂತರ್ಜಾಲದಲ್ಲಿ ಮಿತಿಯೆಂಬುದಿಲ್ಲ. ಗಣಕಯಂತ್ರವು ಕೇಳಿದಷ್ಟು ಮಾರುತ್ತದೆ. ಮಿತಿಯನ್ನು ಮನುಷ್ಯನೇ ಹಾಕಬೇಕು.

ದೂರು, ಮುಚ್ಚುಗಡೆ, ಮೊಕದ್ದಮೆ

ತೆರೆದ ಕೆಲವೇ ದಿನಗಳಲ್ಲಿ ಸ್ಥಳೀಯ ಆಡಳಿತದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ಸಾವಿರಾರು ದೂರುಗಳು ಬಂದವು. ಇದು ತೂಕ, ಅಳತೆ ಮತ್ತು ವ್ಯಾಪಾರದ ನ್ಯಾಯಪರತೆಯನ್ನು ನೋಡಿಕೊಳ್ಳುವ ಇಲಾಖೆ. ಡಿಸೆಂಬರ್ ಮೊದಲ ವಾರದಲ್ಲೇ, ಅಂದರೆ ಋತುವಿನ ಮುಖ್ಯ ಭಾಗ ಇನ್ನೂ ಬಾಕಿಯಿರುವಾಗಲೇ, ಹಿಮಲೋಕ ಮುಚ್ಚಿತು. ಪತ್ರಿಕೆಗಳ ಪ್ರಚಾರ ಮತ್ತು ಗಲಾಟೆ ಮಾಡಲೆಂದೇ ಬಂದ ಕೆಲವರು ತಮ್ಮ ಉದ್ಯಮವನ್ನು ಹಾಳುಮಾಡಿದರೆಂಬುದು ನಿರ್ದೇಶಕರ ವಾದವಾಗಿತ್ತು. ಮುಂದಿನ ವಾರಗಳಿಗೆ ಟಿಕೆಟ್ ಕೊಂಡಿದ್ದ ಕುಟುಂಬಗಳ ಕೈಯಲ್ಲಿ ಉಳಿದದ್ದು ಮುದ್ರಿಸಿಕೊಂಡ ಒಂದು ಹಾಳೆ.

ಹಣ ವಾಪಸಾತಿಯ ವಿಷಯದಲ್ಲಿ ಬ್ರಿಟನ್ನಿನ ಒಂದು ಕಾನೂನು ಗಮನಾರ್ಹ. 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮಿನ ಪ್ರಕಾರ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಸರಕು ಅಥವಾ ಸೇವೆಯಲ್ಲಿ ಕರಾರುಭಂಗವಾದರೆ ಕಾರ್ಡ್ ನೀಡಿದ ಸಂಸ್ಥೆಯೂ ಮಾರಾಟಗಾರನೊಂದಿಗೆ ಸಮಾನ ಹೊಣೆ ಹೊರುತ್ತದೆ. ಆದರೆ ಆ ಒಂದು ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಾಗಿರಬೇಕು. 25 ಪೌಂಡಿನ ನಾಲ್ಕು ಟಿಕೆಟ್ಟುಗಳ ಮೊತ್ತ ನೂರಾದರೂ ಪ್ರತಿ ಟಿಕೆಟ್ಟನ್ನು ಸಾಮಾನ್ಯವಾಗಿ ಪ್ರತ್ಯೇಕ ವಸ್ತುವೆಂದೇ ಪರಿಗಣಿಸಲಾಗುತ್ತದೆ. ಹಾಗಾಗಿ ಒಂದು ಫ್ರಿಜ್ ಕೊಂಡವನಿಗೆ ಇರುವ ರಕ್ಷಣೆ ಮಗುವನ್ನು ತಾತನ ಬಳಿಗೆ ಕರೆದೊಯ್ದವನಿಗೆ ಇರಲಿಲ್ಲ. ಕಾರ್ಡ್ ಸಂಸ್ಥೆಗಳ ಸ್ವಂತ ನಿಯಮಗಳನ್ವಯ ಪಾವತಿಯನ್ನು ಹಿಂಪಡೆಯುವ ಕೋರಿಕೆ ಸಲ್ಲಿಸುವುದೊಂದೇ ಅಂಥವರಿಗೆ ಇರುವ ದಾರಿ.

ಅದೇ ವರ್ಷ, 2008ರ ಮೇ ತಿಂಗಳಲ್ಲಿ, ಬ್ರಿಟನ್ನಿನಲ್ಲಿ ಅನ್ಯಾಯದ ವ್ಯಾಪಾರ ಪದ್ಧತಿಗಳಿಂದ ಗ್ರಾಹಕರನ್ನು ರಕ್ಷಿಸುವ ಹೊಸ ನಿಯಮಗಳು ಜಾರಿಗೆ ಬಂದಿದ್ದವು. ದಾರಿ ತಪ್ಪಿಸುವ ಹೇಳಿಕೆಯಷ್ಟೇ ಅಲ್ಲ, ಗ್ರಾಹಕನಿಗೆ ತಿಳಿಯಬೇಕಾದುದನ್ನು ಹೇಳದೆ ಬಿಡುವುದೂ ಈ ನಿಯಮಗಳಲ್ಲಿ ಅಪರಾಧವಾಗಿತ್ತು. (2025ರ ಏಪ್ರಿಲ್‌ನಿಂದ ಇವುಗಳ ಸ್ಥಾನದಲ್ಲಿ 2024ರ ಹೊಸ ಕಾಯಿದೆಯೊಂದು ಬಂದಿದೆ.) ಈ ನಿಯಮಗಳ ಅಡಿಯಲ್ಲಿ ಡಾರ್ಸೆಟ್ ಕೌಂಟಿ ಆಡಳಿತವು ಹಿಮಲೋಕದ ನಿರ್ದೇಶಕರಾಗಿದ್ದ ಇಬ್ಬರು ಸಹೋದರರ ಮೇಲೆ ಮೊಕದ್ದಮೆ ಹೂಡಿತು. 2011ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಕ್ರೌನ್ ನ್ಯಾಯಾಲಯದ ಜ್ಯೂರಿ ಅವರನ್ನು ಎಂಟು ಆರೋಪಗಳಲ್ಲಿ ತಪ್ಪಿತಸ್ಥರೆಂದು ನಿರ್ಣಯಿಸಿತು. ಮಾರ್ಚ್‌ನಲ್ಲಿ ತಲಾ 13 ತಿಂಗಳ ಸೆರೆವಾಸ ವಿಧಿಸಲಾಯಿತು. ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಜ್ಯೂರಿಯ ಸದಸ್ಯರೊಬ್ಬರು ವಿಚಾರಣೆಯ ವೇಳೆ ಸಾರ್ವಜನಿಕರ ಆಸನಗಳಲ್ಲಿ ಕುಳಿತಿದ್ದ ತಮ್ಮ ಭಾವೀ ಸಂಗಾತಿಯೊಡನೆ ಮೊಬೈಲ್ ಸಂದೇಶಗಳನ್ನು ವಿನಿಮಯ ಮಾಡಿಕೊಂಡಿದ್ದರೆಂಬುದು ಬೆಳಕಿಗೆ ಬಂದು, ಅದೇ ವರ್ಷ ಮೇಲ್ಮನವಿ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿತು. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆ ಸಹೋದರರು ಅಪರಾಧಿಗಳಲ್ಲ ಎಂಬುದನ್ನು ಈ ಪ್ರಕರಣವನ್ನು ಉದಾಹರಿಸುವ ಪ್ರತಿಯೊಬ್ಬರೂ ಹೇಳಬೇಕು. ಬಹಳಷ್ಟು ಜನ ಹೇಳುವುದಿಲ್ಲ.

ಇಂಥ ಪ್ರಸಂಗಗಳು ಅಲ್ಲಿಗೆ ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಚಾಕೊಲೇಟ್ ಲೋಕವೊಂದನ್ನು ಕಾಣಲು ತಲಾ 35 ಪೌಂಡಿನವರೆಗೆ ತೆತ್ತು ಬಂದ ಕುಟುಂಬಗಳು ಬಹುಪಾಲು ಖಾಲಿಯಾದ ಗೋದಾಮಿನಂಥ ಕಟ್ಟಡವನ್ನು ಕಂಡವು. ತೆರೆದ ದಿನವೇ ಅದು ರದ್ದಾಯಿತು. ಅದರ ಜಾಹೀರಾತಿನ ಚಿತ್ರಗಳು ಕೃತಕ ಬುದ್ಧಿಮತ್ತೆಯಿಂದ ತಯಾರಾದವು. 2008ರಲ್ಲಿ ಚಿತ್ರಕಾರನಿಗಾದರೂ ಕೂಲಿ ಕೊಡಬೇಕಿತ್ತು.

ಇನ್ನೊಬ್ಬರ ಹಣ

ಲೆಕ್ಕಪತ್ರದ ದೃಷ್ಟಿಯಿಂದ ಈ ಪ್ರಸಂಗದ ತಿರುಳು ಒಂದೇ ನಮೂದಿನಲ್ಲಿದೆ. ನವೆಂಬರ್ ಮೊದಲ ವಾರದಲ್ಲಿ ಒಂದು ಕುಟುಂಬ ಡಿಸೆಂಬರ್ 20ರ ಭೇಟಿಗಾಗಿ 100 ಪೌಂಡ್ ಪಾವತಿಸಿತು. ಬ್ಯಾಂಕ್ ಖಾತೆಗೆ 100 ಪೌಂಡ್ ಖರ್ಚು (ಡೆಬಿಟ್). ಜಮೆ ಯಾವ ಖಾತೆಗೆ? ಮಾರಾಟ ಖಾತೆಗೆ ಎಂದು ಬರೆದವನು ತನ್ನ ಬಳಿ ಲಾಭವಿದೆಯೆಂದು ನಂಬುತ್ತಾನೆ. ಗ್ರಾಹಕರ ಮುಂಗಡ ಎಂದು ಬರೆದವನು ಅಢಾವೆ ಪತ್ರಿಕೆಯ ಹೊಣೆಗಾರಿಕೆಯ ಬದಿಯಲ್ಲಿ ಅದನ್ನು ಪ್ರತಿದಿನ ನೋಡುತ್ತಾನೆ. ಬ್ಯಾಂಕಿನ ಶಿಲ್ಕು ಎರಡೂ ಕಡೆ ಒಂದೇ. ನಡವಳಿಕೆ ಮಾತ್ರ ಬೇರೆ. ಭಾರತದ ಲೆಕ್ಕಪತ್ರ ಮಾನದಂಡ 9ರ ಅನುಬಂಧವು ಪ್ರವೇಶ ಶುಲ್ಕವನ್ನು ಹೆಸರಿಸಿಯೇ ಹೇಳುತ್ತದೆ: ಕಾರ್ಯಕ್ರಮ ನಡೆದಾಗ ಮಾತ್ರ ಅದು ಆದಾಯ.

ಹೊಣೆಗಾರಿಕೆಯೆಂದು ಬರೆದರೂ ಸಾಲದು. ಕಂಪನಿಯು ಸಮಾಪನಕ್ಕೆ ಹೋದರೆ ಮುಂಗಡ ಕೊಟ್ಟ ಗ್ರಾಹಕರು ಭದ್ರತೆಯಿಲ್ಲದ ಧನಿಗಳ ಸಾಲಿನಲ್ಲಿ, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ. ಈ ಬಗ್ಗೆ ಇಂಗ್ಲೆಂಡಿನದೇ ಒಂದು ಹಳೆಯ ತೀರ್ಪು ವ್ಯಾಪಾರಸ್ಥರಿಗೆ ಇಂದಿಗೂ ಉಪಯುಕ್ತವಾಗಿದೆ. ಕೇಫರ್ಡ್ ಎಂಬ ಕಂಪನಿ ಅಂಚೆಯ ಮೂಲಕ ಸರಕು ಮಾರುತ್ತಿತ್ತು. ಗಿರಾಕಿಗಳು ಹಣವನ್ನು ಮೊದಲೇ ಕಳುಹಿಸುತ್ತಿದ್ದರು. 1972ರಲ್ಲಿ ಅದಕ್ಕೆ ಮಾಲು ಒದಗಿಸುತ್ತಿದ್ದ ಮುಖ್ಯ ಸಂಸ್ಥೆ ತೊಂದರೆಗೆ ಸಿಲುಕಿತು. ಮಾಲು ಬರುವುದೇ ಅನುಮಾನವಾದಾಗ ಗಿರಾಕಿಗಳ ಹಣದ ಗತಿಯೇನು ಎಂದು ಕಂಪನಿಯವರು ಲೆಕ್ಕಿಗರ ಸಲಹೆ ಕೇಳಿದರು. ಬರುವ ಮುಂಗಡವನ್ನೆಲ್ಲ ಪ್ರತ್ಯೇಕವಾದ ಗ್ರಾಹಕರ ನ್ಯಾಸ ಖಾತೆಯಲ್ಲಿ ಇಡಿ, ಮಾಲು ತಲುಪಿದ ಮೇಲಷ್ಟೇ ತೆಗೆಯಿರಿ ಎಂಬುದು ಲೆಕ್ಕಿಗರ ಸಲಹೆ. ಕಂಪನಿ ಹಾಗೆಯೇ ಮಾಡಿತು. ಕೆಲವೇ ವಾರಗಳಲ್ಲಿ ಅದೂ ಸಮಾಪನಕ್ಕೆ ಹೋಯಿತು. ಆ ಖಾತೆಯ ಹಣ ಕಂಪನಿಯ ಆಸ್ತಿಯಲ್ಲ, ಗಿರಾಕಿಗಳದೇ ಎಂದು ನ್ಯಾಯಮೂರ್ತಿ ಮೆಗಾರಿ ತೀರ್ಪು ನೀಡಿದರು. ಪ್ರತ್ಯೇಕ ಖಾತೆ ತೆರೆದ ಕ್ರಮವನ್ನು ಗೌರವಾರ್ಹವೆಂದು ಮೆಚ್ಚಿಕೊಂಡರು. ವೃತ್ತಿಯ ಇತಿಹಾಸದಲ್ಲಿ ಲೆಕ್ಕಿಗರ ಸಲಹೆಯನ್ನು ನ್ಯಾಯಾಲಯ ಹೀಗೆ ಎತ್ತಿಹಿಡಿದ ಪ್ರಸಂಗಗಳು ಬಹಳವಿಲ್ಲ ಎನ್ನುವುದು ಬೇರೆ ಮಾತು.

ಭಾರತದಲ್ಲಿ ಸೇವೆಗಾಗಿ ಪಡೆದ ಮುಂಗಡದ ಮೇಲೆ, ಅದು ಕೈಸೇರಿದಾಗಲೇ ಸರಕು ಮತ್ತು ಸೇವಾ ತೆರಿಗೆಯ ಹೊಣೆ ಉಂಟಾಗುತ್ತದೆ. ಸರಕಿನ ಮುಂಗಡಕ್ಕೆ ಸಾಮಾನ್ಯ ವ್ಯಾಪಾರಿಗಳಿಗೆ 2017ರ ನವೆಂಬರ್‌ನಿಂದ ಈ ಹೊಣೆಯಿಲ್ಲ. ವಸ್ತುಪ್ರದರ್ಶನ, ಮಕ್ಕಳ ಮೇಳ, ಋತುಮಾನದ ಮನರಂಜನೆ ಏರ್ಪಡಿಸುವವರು ಮುಂಗಡಕ್ಕೆ ಸ್ವೀಕೃತಿ ಚೀಟಿಯನ್ನೂ ಕಾರ್ಯಕ್ರಮ ರದ್ದಾದರೆ ಮರುಪಾವತಿ ಚೀಟಿಯನ್ನೂ ನೀಡಬೇಕಾಗುತ್ತದೆ. ಮುಂಗಡವನ್ನೆಲ್ಲ ಶಾಮಿಯಾನಕ್ಕೂ ದೀಪಾಲಂಕಾರಕ್ಕೂ ಸುರಿದವನಿಗೆ ತೆರಿಗೆ ಕಟ್ಟುವ ದಿನಾಂಕ ಬಂದಾಗ ಮೊದಲ ಪೆಟ್ಟು ಬೀಳುತ್ತದೆ. ಇನ್ನು ಜಾಹೀರಾತಿನ ವಿಷಯ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು, ಪುನರಾವರ್ತನೆಯಾದರೆ 50 ಲಕ್ಷದವರೆಗೆ. ಮುಖ್ಯ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ಈ ವ್ಯಾಖ್ಯೆಯಲ್ಲಿ ಸೇರಿದೆ.

ಪ್ರವೇಶ ಶುಲ್ಕವಿಲ್ಲದ ಊರು

ನಿಜವಾದ ಲ್ಯಾಪ್‌ಲ್ಯಾಂಡ್ ಇರುವುದು ಯುರೋಪಿನ ಉತ್ತರದ ತುದಿಯಲ್ಲಿ. ಫಿನ್‌ಲ್ಯಾಂಡಿಗೆ ಸೇರಿದ ಅದರ ಭಾಗದ ರಾಜಧಾನಿ ರೊವಾನಿಯೆಮಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರಲ್ಲಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯ ಕಾಲದಲ್ಲಿ ಈ ಪಟ್ಟಣ ಬಹುತೇಕ ಸುಟ್ಟುಹೋಯಿತು. ಪ್ರಸಿದ್ಧ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಮರುನಿರ್ಮಾಣದ ನಕ್ಷೆ ಸಿದ್ಧಪಡಿಸಿದರು. 1950ರಲ್ಲಿ ಪುನರ್ನಿರ್ಮಾಣವನ್ನು ನೋಡಲು ಎಲಿನಾರ್ ರೂಸ್‌ವೆಲ್ಟ್ ಬರುವರೆಂದು ತಿಳಿದಾಗ, ಪಟ್ಟಣದಿಂದ ಎಂಟು ಕಿಲೋಮೀಟರ್ ಉತ್ತರಕ್ಕೆ, ಆರ್ಕ್‌ಟಿಕ್ ವೃತ್ತದ ಮೇಲೆ ತರಾತುರಿಯಲ್ಲಿ ಒಂದು ಮರದ ಮನೆ ಕಟ್ಟಲಾಯಿತು. ಆ ಮನೆಯ ಸುತ್ತ ಬೆಳೆದದ್ದೇ 1985ರಲ್ಲಿ ಆರಂಭವಾದ ಸಾಂಟಾ ಕ್ಲಾಸ್ ಗ್ರಾಮ.

ಈ ಗ್ರಾಮಕ್ಕೆ ಪ್ರವೇಶ ಶುಲ್ಕವಿಲ್ಲ. ವರ್ಷದ ಎಲ್ಲ ದಿನಗಳಲ್ಲೂ ತಾತ ತನ್ನ ಕಚೇರಿಯಲ್ಲಿರುತ್ತಾನೆ. ಕಂಡು ಮಾತನಾಡುವುದಕ್ಕೆ ಹಣವಿಲ್ಲ. ಛಾಯಾಚಿತ್ರ ಬೇಕಾದರೆ ಕೊಳ್ಳಬೇಕು, ಹಿಮಸಾರಂಗದ ಗಾಡಿ ಏರಬೇಕಾದರೆ ತೆರಬೇಕು, ಅಂಗಡಿ, ಉಪಾಹಾರ ಗೃಹ, ವಸತಿಗಳಿಗೆ ಅವುಗಳದೇ ಬೆಲೆ. ಬೆಲೆಯೇನೂ ಅಗ್ಗವಲ್ಲ. ಆದರೆ ಲಿವರ್‌ಪೂಲಿನ ಹಳೆಯ ಮಳಿಗೆಯಲ್ಲಿದ್ದಂತೆ ಇಲ್ಲಿಯೂ ಕುಟುಂಬವು ಮೊದಲು ನೋಡುತ್ತದೆ, ಅನಂತರ ಕೈಚೀಲ ತೆರೆಯುತ್ತದೆ.

ಇದರಿಂದ ನಷ್ಟದ ಭಯ ತಪ್ಪಿತೆಂದು ಭಾವಿಸಬೇಕಾಗಿಲ್ಲ. ಯುರೋಪಿನ ಆರ್ಥಿಕ ಮುಗ್ಗಟ್ಟಿನಿಂದಲೂ ರಷ್ಯಾದ ಪ್ರವಾಸಿಗರ ಇಳಿಕೆಯಿಂದಲೂ ವಹಿವಾಟು ಕುಗ್ಗಿ, 2015ರಲ್ಲಿ ತಾತನ ಕಚೇರಿಯನ್ನು ನಡೆಸುತ್ತಿದ್ದ ಕಂಪನಿ 2 ಲಕ್ಷ ಯೂರೋಗೂ ಹೆಚ್ಚಿನ ತೆರಿಗೆ ಬಾಕಿಗಾಗಿ ದಿವಾಳಿಯ ಅಂಚಿಗೆ ಬಂದಿತು. ತಾತನೇ ದಿವಾಳಿಯಾದನೆಂಬ ಶೀರ್ಷಿಕೆಗಳು ಪ್ರಪಂಚದ ಪತ್ರಿಕೆಗಳಲ್ಲಿ ಬಂದವು. ಕಂಪನಿ ಬಾಕಿಯನ್ನು ತೀರಿಸಿತು. ಕಚೇರಿಯ ಬಾಗಿಲು ತೆರೆದೇ ಇದೆ.

ಗ್ರಾಮದ ಅಂಚೆ ಕಚೇರಿಗೆ ಪ್ರಪಂಚದ ಎಲ್ಲೆಡೆಯಿಂದ ವರ್ಷಕ್ಕೆ ಸುಮಾರು 5 ಲಕ್ಷ ಪತ್ರಗಳು ಬರುತ್ತವೆ. ಅಲ್ಲಿ ಭೇಟಿ ನೀಡುವ ಕುಟುಂಬಗಳಿಗಾಗಿ ಎರಡು ಅಂಚೆ ಪೆಟ್ಟಿಗೆಗಳಿವೆ. ಒಂದಕ್ಕೆ ಹಾಕಿದ ಕಾಗದ ಕೂಡಲೇ ಹೊರಡುತ್ತದೆ. ಇನ್ನೊಂದು ಕೆಂಪು ಪೆಟ್ಟಿಗೆ. ಅದಕ್ಕೆ ಜುಲೈ ತಿಂಗಳಲ್ಲಿ ಹಾಕಿದ ಕಾಗದವನ್ನೂ ಕಚೇರಿಯವರು ತಮ್ಮ ಬಳಿ ಕಾದಿರಿಸಿ, ಕ್ರಿಸ್‌ಮಸ್ ವೇಳೆಗೆ ತಲುಪುವಂತೆ ಕಳುಹಿಸುತ್ತಾರೆ.